ಲಾಂಚ್ ಹೋಯ್ತಾ?

ಮೊನ್ನೆ ಗುರುವಾರ ದೊಡ್ಡಪ್ಪನ ವೈಕುಂಠ ಸಮಾರಾಧನೆ. ಮೂರು ಪಂಕ್ತಿ ಊಟ ಮುಗಿದು ಶಾಮಿಯಾನದವರು ಕುರ್ಚಿ ಎತ್ತಿ ಜೋಡಿಸುತ್ತಿದ್ದರು. ಸಂಜೆ ಆರರ ಹೊತ್ತು. ಉಳಿದವರೆಲ್ಲ ಜಗಲಿಯಲ್ಲಿ ಸುಮ್ನೆ ಕೂತಿದ್ದೆವು. ಅಡುಗೆಮನೆಯಿಂದ ದೊಡ್ಡಮ್ಮನ ದನಿ ಬಂತು.

"ಲಾಂಚ್ ಹೋಯ್ತಾ?"

ಯಾರೂ ಉತ್ತರ ಕೊಡಲಿಲ್ಲ.

ವಾರವಿಡೀ ಆ ಎರಡು ಮಾತು ನನ್ನ ಕಿವಿ ಬಿಟ್ಟು ಹೋಗಿಲ್ಲ. ದೊಡ್ಡಪ್ಪನ ಮನೆ ಅಂಬಾರಗೋಡ್ಲು ಕಡೆ, ಹೊಳೆಬಾಗಿಲಿನ ಹತ್ತಿರ. ನಮ್ಮದು ಆಚೆ ದಡ, ತುಮರಿ ಕಡೆ. ನಡುವೆ ಶರಾವತಿ ಹಿನ್ನೀರು. ಆಗ ಅದನ್ನು ದಾಟಿಸುತ್ತಿದ್ದದ್ದು ಲಾಂಚ್, ಅಂದರೆ ಯಂತ್ರದ ದೋಣಿ. ಸಾಗರಕ್ಕೆ ಆಸ್ಪತ್ರೆಗೋ ಕೋರ್ಟಿಗೋ ಸಂತೆಗೋ ಹೋದವರು ಕೊನೆ ಲಾಂಚ್ ಹೊತ್ತಿಗೆ ವಾಪಸ್ ಬಂದು ಮುಟ್ಟಬೇಕಿತ್ತು. ತಪ್ಪಿದರೆ ಮುಗೀತು. ಹೊಸನಗರದ ಕಡೆಯಿಂದ ಸುತ್ತಿ ಹೋಗೋಣ ಅಂದರೆ ಆ ಹೊತ್ತಲ್ಲಿ ಬಸ್ಸೂ ಇಲ್ಲ. ಎದುರಿಗೇ ಊರು ಕಾಣುತ್ತದೆ, ಮುಟ್ಟಲಾಗುವುದಿಲ್ಲ.

ಹಾಗೆ ದಡದಲ್ಲಿ ಉಳಿದವರನ್ನು ದೊಡ್ಡಪ್ಪ ಮನೆಗೆ ಕರೆತರುತ್ತಿದ್ದರು. ದಿನಾ ಸಂಜೆ ಜಗಲಿಯಲ್ಲಿ ಕವಳ ಹಾಕಿಕೊಂಡು ಕೂರುವುದು, ಕೊನೆ ಲಾಂಚ್ ಹೊರಟ ಮೇಲೆ ಬ್ಯಾಟರಿ ಹಿಡಿದು ಕೆಳಗಿಳಿದು ದಡ ನೋಡಿ ಬರುವುದು. ಅವರು ವಾಪಸ್ ಅಂಗಳಕ್ಕೆ ಬರುವಾಗ ದೊಡ್ಡಮ್ಮ ಒಳಗಿಂದಲೇ ಕೇಳುತ್ತಿದ್ದರು, "ಲಾಂಚ್ ಹೋಯ್ತಾ?"

"ಹೋಯ್ತು. ನಾಲ್ಕು ಜನ."

ಅಷ್ಟೇ ಮಾತು. ದೊಡ್ಡಮ್ಮ ಡಬ್ಬಿ ತೆಗೆದು ಇನ್ನೆರಡು ಪಾವು ಅಕ್ಕಿ ಅಳೆಯುತ್ತಿದ್ದರು.

ನನಗೆ ಏಳು ವರ್ಷ ಇದ್ದಾಗ ಒಮ್ಮೆ ಜ್ವರ ಬಂದು ಅಪ್ಪ ಸಾಗರಕ್ಕೆ ಕರೆದುಕೊಂಡು ಹೋಗಿದ್ದರು. ಬರುವಾಗ ಬಸ್ಸು ದಾರಿಯಲ್ಲಿ ಕೆಟ್ಟಿತು. ನಾವು ದಡಕ್ಕೆ ಬರುವಷ್ಟರಲ್ಲಿ ಲಾಂಚಿನ ಸದ್ದು ದೂರ ಹೋಗಿತ್ತು. ನಮ್ಮ ಜೊತೆ ಹಸುಗೂಸು ಎತ್ತಿಕೊಂಡ ಒಬ್ಬ ಹೆಂಗಸು, ಅವರ ಗಂಡ. ನಮಗಾದರೆ ದೊಡ್ಡಪ್ಪನ ಮನೆ ಇತ್ತು, ಅವರಿಗೆ ಯಾರೂ ಇರಲಿಲ್ಲ. ಏರಿನಿಂದ ಬ್ಯಾಟರಿ ಬೆಳಕು ಇಳಿದು ಬಂತು. ದೊಡ್ಡಪ್ಪ ನನ್ನ ಹಣೆ ಮುಟ್ಟಿ ನೋಡಿದರು. ಆಮೇಲೆ ಆ ಗಂಡಹೆಂಡತಿಯ ಕಡೆ ತಿರುಗಿ, "ಊಟ ಆಗಿಲ್ಲ ಅಲ್ವಾ? ಬನ್ನಿ" ಅಂದರು. ಯಾವ ಊರು, ಯಾವ ಜನ, ಒಂದೂ ಕೇಳಲಿಲ್ಲ. ಜಾತಿ ಕೇಳಿಯೇ ಅಂಗಳ ಹತ್ತಿಸುತ್ತಿದ್ದ ಮನೆಗಳು ಸುತ್ತಲೂ ಇದ್ದ ಕಾಲ ಅದು. ಬಾಣಂತಿಗೆ ಬೆಚ್ಚಗಿರಲಿ ಅಂತ ಒಳಗಿನ ಕೋಣೆ ಬಿಟ್ಟುಕೊಟ್ಟು, ದೊಡ್ಡಪ್ಪ, ದೊಡ್ಡಮ್ಮ, ಅವರ ಮೂರು ಮಕ್ಕಳು ಎಲ್ಲ ನಡುಮನೆಯಲ್ಲಿ ಚಾಪೆ ಹಾಸಿಕೊಂಡರು.

ಯಾಕೆ ಹೀಗೆ ಅಂತ ಒಮ್ಮೆ ಕೇಳಿದ್ದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಅವರ ಮನೆ, ತೋಟ, ಗದ್ದೆ ಎಲ್ಲ ಮುಳುಗಿತು. ಅವರಿಗಾಗ ಮೂವತ್ತು ದಾಟಿತ್ತಷ್ಟೆ. ಸಾಮಾನು ಹೇರಿಕೊಂಡು ಹೊರಟ ರಾತ್ರಿ ಮಳೆ ಹಿಡಿಯಿತು. ಗುರುತು ಪರಿಚಯ ಇಲ್ಲದ ಯಾರದೋ ಜಗಲಿಯಲ್ಲಿ ಮಲಗಿದ್ದರಂತೆ. ಆ ಮನೆಯ ಹೆಂಗಸು ಎದ್ದು ಗಂಜಿ ಬೇಯಿಸಿ ಹಾಕಿದರು. ಆಮೇಲೆ ಎಷ್ಟೋ ವರ್ಷ ದೊಡ್ಡಪ್ಪ ಆ ಮನೆ ಹುಡುಕಿದರು. ಸಿಗಲಿಲ್ಲ.

ಮುಳುಗಡೆ ಆದವರ ಜಮೀನಿನ ಗೋಳು ಇವತ್ತಿಗೂ ಮುಗಿದಿಲ್ಲ. ದೊಡ್ಡಪ್ಪನ ಟ್ರಂಕಿನಲ್ಲಿ ತಮ್ಮ ಕಾಗದಕ್ಕಿಂತ ಬೇರೆಯವರ ಕಾಗದವೇ ಜಾಸ್ತಿ. ಓದು ಬರಹ ಬಾರದವರಿಗೆ ಅರ್ಜಿ ಬರೆದುಕೊಟ್ಟು, ಅವರ ಜೊತೆ ತಾವೇ ಕಚೇರಿಗೂ ಹೋಗುತ್ತಿದ್ದರು. ನೀರಿನಡಿ ಇರುವ ಊರುಗಳ ಸರ್ವೆ ನಂಬರು ಅವರ ಬಾಯಲ್ಲಿತ್ತು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ನಮ್ಮನ್ನೆಲ್ಲ ಕರೆದುಕೊಂಡು ಹೋಗಿ ಮಡೆನೂರಿನ ಹಳೇ ಅಣೆಕಟ್ಟು ತೋರಿಸಿದ್ದರು. ಲಿಂಗನಮಕ್ಕಿಗಿಂತ ಮೊದಲೇ ಶರಾವತಿಗೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು. ಕೊನೆಗೆ ಅದೂ ಮುಳುಗಿತು. ಕಲ್ಲಿನ ಗೋಡೆ ಸವರುತ್ತಾ, "ನೀರು ಹಿಡಿಯೋಕೆ ಕಟ್ಟಿದ್ದನ್ನೂ ನೀರು ಬಿಡಲಿಲ್ಲ ನೋಡು" ಅಂದಿದ್ದರು.

ಗುರುವಾರ ಮಧ್ಯಾಹ್ನ ನುಡಿನಮನ ಅಂತ ಮೈಕು ಹಿಡಿದವರು ಒಬ್ಬೊಬ್ಬರೂ ಕಾಲು ಗಂಟೆ ಮಾತಾಡಿದರು. ತ್ಯಾಗಿ, ದಾನಿ, ಊರಿಗೆ ದೀಪ. ಎಲ್ಲ ನಿಜ. ಆದರೆ ಒಬ್ಬರ ಬಾಯಲ್ಲೂ ದೊಡ್ಡಮ್ಮನ ಹೆಸರು ಬರಲಿಲ್ಲ. ನನಗೆ ಸಿಟ್ಟು ಬಂತು, ಇನ್ನೂ ಇಳಿದಿಲ್ಲ. ದೊಡ್ಡಪ್ಪ ಕರೆತಂದರು, ಸರಿ. ಬೇಯಿಸಿದವರು ಯಾರು? ಒದ್ದೆ ಸೌದೆ ಊದಿದವರು ಯಾರು? ಮರುದಿನ ಅಷ್ಟೂ ಕಂಬಳಿ ಬಿಸಿಲಿಗೆ ಹಾಕಿದವರು?

ಅಕ್ಕ, ಅಂದರೆ ದೊಡ್ಡಪ್ಪನ ಮಗಳು, ಕೈ ತೊಳೆಯುವ ಜಾಗದಲ್ಲಿ ಸಿಕ್ಕವಳು ಮೆಲ್ಲಗೆ ಹೇಳಿದಳು. "ಅಪ್ಪ ನಮಗೇ ಅಂತ ಸಿಕ್ಕಿದ್ದು ಬೆಳಗಿನ ಜಾವ ಮಾತ್ರ. ಎಲ್ಲರೂ ಮೊದಲ ಲಾಂಚಿಗೆ ಹೋದ ಮೇಲೆ ನನಗೆ ಜಡೆ ಹಾಕ್ತಿದ್ರು." ಅವಳು ದೂರುತ್ತಿದ್ದಳೋ ನೆನೆಯುತ್ತಿದ್ದಳೋ ನನಗೆ ಗೊತ್ತಾಗಲಿಲ್ಲ. ಎರಡೂ ಇರಬಹುದು. ಜಡೆ ಬಿಗಿಯಾಗಿ, ನೆಟ್ಟಗೆ ಇರುತ್ತಿತ್ತು. ನಾನೇ ನೋಡಿದ್ದೇನೆ.

ಸೇತುವೆ ಬೇಕು ಅಂತ ಅರ್ಜಿ ಬರೆದವರಲ್ಲಿ ದೊಡ್ಡಪ್ಪನೂ ಒಬ್ಬರು. 2025ರ ಜುಲೈ 14ಕ್ಕೆ ಅದು ಉದ್ಘಾಟನೆ ಆಯಿತು. ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದ. ಅದಾದ ವಾರದಲ್ಲೇ ಅಣ್ಣ ಇಬ್ಬರನ್ನೂ ಕಾರಲ್ಲಿ ಕೂರಿಸಿಕೊಂಡು ಆಚೆ ದಡ ಮುಟ್ಟಿಸಿ ಬಂದ. ನಾನೂ ಇದ್ದೆ. ದೊಡ್ಡಪ್ಪ ಕಿಟಕಿಯಿಂದ ನೀರನ್ನೇ ನೋಡುತ್ತಿದ್ದರು. ಒಂದು ಕಡೆ ಬೆರಳು ತೋರಿಸಿ, "ನಮ್ಮ ತೋಟ ಅಲ್ಲೆಲ್ಲೋ" ಅಂದರು. ಆಮೇಲೆ ದೊಡ್ಡಮ್ಮನ ಕಡೆ ತಿರುಗಿ, "ಇನ್ಮೇಲೆ ನಿನಗೆ ರಜೆ" ಅಂದರು. ದೊಡ್ಡಮ್ಮ ಏನೂ ಹೇಳಲಿಲ್ಲ. ಸೆರಗು ಸರಿಮಾಡಿಕೊಂಡರು.

ಅವತ್ತಿಂದ ಅವರು ಆ ಪ್ರಶ್ನೆ ಕೇಳಿದ್ದನ್ನು ಮನೆಯಲ್ಲಿ ಯಾರೂ ಕೇಳಿಸಿಕೊಂಡಿರಲಿಲ್ಲವಂತೆ. 92 ವರ್ಷ ಬದುಕಿದ ಮನುಷ್ಯ ಹೋದ ಹದಿಮೂರನೇ ದಿನ, ಮತ್ತೆ ಕೇಳಿದರು.

"ಲಾಂಚ್ ಹೋಯ್ತಾ?"

ಅಣ್ಣ ಗಂಟಲು ಸರಿಮಾಡಿಕೊಂಡು, "ಅಮ್ಮ, ಈಗೆಲ್ಲಿ..." ಅಂತ ಶುರುಮಾಡಿ ನಿಲ್ಲಿಸಿದ. ಅಷ್ಟರಲ್ಲಿ ಮೂಲೆಯ ಕಂಬಕ್ಕೆ ಒರಗಿ ಕೂತಿದ್ದ ಒಬ್ಬ ಮುದುಕರು ಎದ್ದರು. ಆಚೆ ದಡದವರು. ಎಂದೋ ಒಂದು ರಾತ್ರಿ ಈ ಮನೆಯಲ್ಲಿ ಮಲಗಿ ಎದ್ದು ಹೋದವರಂತೆ. ಅಡುಗೆಮನೆ ಬಾಗಿಲ ತನಕ ಹೋಗಿ ನಿಂತರು.

"ಹೋಯ್ತು ಅಮ್ಮ. ಆರು ಜನ ಇದ್ದೇವೆ."

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದ ಸದ್ದು.

ಎಂಟು ಗಂಟೆಗೆ ಎಲೆ ಹಾಕಿದರು. ಅನ್ನ, ತಿಳಿಸಾರು, ಮಿಡಿ ಉಪ್ಪಿನಕಾಯಿ. ಮಧ್ಯಾಹ್ನದ ಹೋಳಿಗೆ ಇನ್ನೂ ಹೊಟ್ಟೆಯಲ್ಲೇ ಇತ್ತು. ಆದರೂ ಆರೂ ಜನ ಎರಡನೇ ಸಲ ಅನ್ನ ಹಾಕಿಸಿಕೊಂಡೆವು.