ಪುಕ್ಕಟೆ ಕಣ್ಣಿನ ಆಪರೇಷನ್ನಿನಲ್ಲಿ ಹೊರದೇಶದವರಿಗೇನು ಲಾಭ?

ಬಾಗಲಕೋಟೆಯ ಸುತ್ತಲಿನ ಹಳ್ಳಿಗಳಲ್ಲಿ ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ಬಂದ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವ ಕೆಲಸಕ್ಕೆ ನಾನು ಆಗಾಗ ಕೈಜೋಡಿಸುವುದರಿಂದ, ಅವರ ಮನೆಯವರು ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ: ‘ಹೊರದೇಶದವರು ದುಡ್ಡು ಸುರಿದು ಬಡವರಿಗೆ ಪುಕ್ಕಟೆ ಆಪರೇಷನ್ ಮಾಡಿಸುತ್ತಾರಂತಲ್ಲ, ಅದರಲ್ಲಿ ಅವರಿಗೇನು ಲಾಭ?’

ಲಾಭ ಇರಬಹುದು ಎಂದು ನಾನು ಮೊದಲೇ ಒಪ್ಪಿಕೊಳ್ಳುತ್ತೇನೆ. 2004ರಲ್ಲಿ ಲ್ಯಾಟಿನ್ ಅಮೆರಿಕದ ಬಡವರಿಗಾಗಿ ಆರಂಭವಾದ ‘ಆಪರೇಷನ್ ಮಿಲಾಗ್ರೊ’ ಎಂಬ ಪುಕ್ಕಟೆ ಕಣ್ಣಿನ ಚಿಕಿತ್ಸೆಯ ಯೋಜನೆಯಲ್ಲಿ ವೈದ್ಯರು ಕ್ಯೂಬಾದವರು, ಹಣ ವೆನೆಜುವೆಲಾದ ತೈಲದ್ದು, ಎರಡೂ ಸರ್ಕಾರಗಳು ಅದರಿಂದ ಹೆಸರನ್ನೂ ಗಳಿಸಿದವು. ಆದರೆ ಮೊಮ್ಮಗನ ಮುಖ ಮತ್ತೆ ಕಂಡ ಮುದುಕಿಗೆ ಆ ಲೆಕ್ಕದಿಂದ ಆಗಬೇಕಾದದ್ದೇನಿಲ್ಲ. ದಾನಿಯ ಮನಸ್ಸನ್ನು ಅಳೆಯುವುದಕ್ಕಿಂತ, ಅವರು ಹೊರಟುಹೋದ ಮೇಲೆ ಇಲ್ಲಿ ಏನು ಉಳಿಯಿತು ಎಂದು ನೋಡುವುದೇ ನನಗೆ ಸರಿ ಕಾಣುತ್ತದೆ.

ನಮ್ಮ ಬೀಳಗಿಯಲ್ಲೇ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಶಿಬಿರ ಒಯ್ದು, ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ ದಾಖಲೆಯವರು. ಪುಕ್ಕಟೆ ಚಿಕಿತ್ಸೆಯನ್ನು ನಾವು ಹೊರಗಿನವರಿಂದ ಕಲಿಯಬೇಕಾಗಿರಲಿಲ್ಲ. ನಮ್ಮಲ್ಲಿ ಇಲ್ಲದಿದ್ದದ್ದು ಪೊರೆ ತೆಗೆದ ಜಾಗದಲ್ಲಿ ಕೂರಿಸುವ ಕೃತಕ ಲೆನ್ಸು. ಲಂಡನ್ನಿನಲ್ಲಿ ಕಣ್ಣಿನ ವೈದ್ಯ ಹೆರಾಲ್ಡ್ ರಿಡ್ಲಿ 1949ರಲ್ಲೇ ಕಣ್ಣಿನೊಳಗೆ ಅಂಥ ಲೆನ್ಸು ಕೂರಿಸಿದ್ದರೂ, ಅದು ಬಡವರ ಕೈಗೆಟುಕಲು ದಶಕಗಳೇ ಬೇಕಾದವು. ಅಲ್ಲಿಯವರೆಗೆ ಶಿಬಿರಗಳಲ್ಲಿ ಪೊರೆಗಟ್ಟಿದ ಸಹಜ ಲೆನ್ಸನ್ನು ತೆಗೆದು ದಪ್ಪ ಗಾಜಿನ ಕನ್ನಡಕ ಕೊಟ್ಟು ಕಳಿಸುತ್ತಿದ್ದರು. ನಮ್ಮ ಅಜ್ಜಿಯೂ ಅಂಥ ಕನ್ನಡಕದವಳೇ. ರಾತ್ರಿ ಅದನ್ನು ಗೋಡೆಯ ಮಾಡದಲ್ಲಿಟ್ಟು, ಬೆಳಿಗ್ಗೆ ಅದಕ್ಕಾಗಿ ತಡಕಾಡುತ್ತಿದ್ದಳು. ಒಮ್ಮೆ ಅದು ಒಡೆದಾಗ, ಹೊಸದು ಬರುವವರೆಗೆ ಮತ್ತೆ ಕುರುಡಿಯಾಗಿಯೇ ಕುಳಿತಿದ್ದಳು.

ಈ ಕೊರತೆ ನೀಗಿದ್ದು ಲೆನ್ಸುಗಳನ್ನು ದಾನ ಪಡೆದದ್ದರಿಂದಲ್ಲ, ತಯಾರಿಸಲು ಕಲಿತದ್ದರಿಂದ. ಮದುರೈಯ ಅರವಿಂದ ಕಣ್ಣಿನ ಆಸ್ಪತ್ರೆಯವರು ವಿದೇಶಿ ಗೆಳೆಯರ ನೆರವಿನಿಂದ 1992ರಲ್ಲಿ ಲೆನ್ಸು ತಯಾರಿಸುವ ಆರೋಲ್ಯಾಬ್ ಆರಂಭಿಸಿದರು. ಹೊರಗಿನಿಂದ ತರಿಸಿದರೆ ನೂರು ಡಾಲರಿನಷ್ಟು ಬೀಳುತ್ತಿದ್ದ ಲೆನ್ಸು ಸುಮಾರು ಹತ್ತು ಡಾಲರಿಗೆ ಇಳಿಯಿತು. ನೇಪಾಳದಲ್ಲಿ ಅಲ್ಲಿಯ ಕಣ್ಣಿನ ವೈದ್ಯ ಸಂದುಕ್ ರುಯಿತ್ ಅವರೊಂದಿಗೆ ದುಡಿದ ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ಫ್ರೆಡ್ ಹಾಲೋಸ್ ಕೂಡ ಹಟ ಹಿಡಿದದ್ದು ಲೆನ್ಸು ಅಲ್ಲಿಯೇ ತಯಾರಾಗಬೇಕೆಂದು. ಇಂಥ ನೆರವಿಗೆ ನಾನು ಯಾವ ಅನುಮಾನವೂ ಇಲ್ಲದೆ ಕೈಮುಗಿಯುತ್ತೇನೆ.

ವಿಮಾನದಲ್ಲಿ ಬಂದು, ವಾರದಲ್ಲಿ ನೂರಾರು ಕಣ್ಣು ತೆರೆಸಿ, ಫೋಟೋ ತೆಗೆಸಿಕೊಂಡು ಹೊರಡುವವರ ವಿಷಯದಲ್ಲಿ ಮಾತ್ರ ನನ್ನದು ತಕರಾರಿದೆ. ಶಸ್ತ್ರಚಿಕಿತ್ಸೆ ಕೆಲವೇ ನಿಮಿಷಗಳದ್ದು. ಆದರೆ ಹನಿ ಔಷಧವನ್ನು ವಾರಗಟ್ಟಲೆ ಹಾಕಬೇಕು, ನಡುವೆ ಕಣ್ಣು ಕೆಂಪಾಗಿ, ನೋವೆದ್ದು, ದೃಷ್ಟಿ ಮಂಜಾದರೆ ಅದು ಒಳಗಿನ ಸೋಂಕಿರಬಹುದಾದ್ದರಿಂದ ಆ ಕ್ಷಣವೇ ವೈದ್ಯರ ಬಳಿ ಓಡಬೇಕು. ಅಷ್ಟರಲ್ಲಿ ಆಪರೇಷನ್ ಮಾಡಿದವರು ಸಮುದ್ರದಾಚೆ ಇದ್ದರೆ ಓಡುವುದೆಲ್ಲಿಗೆ? ಆದ್ದರಿಂದ ದುಡ್ಡು ಯಾವ ದೇಶದ್ದೆಂದು ಕೇಳುವವರಿಗೆ ನಾನು, ಶಸ್ತ್ರಚಿಕಿತ್ಸೆ ಖಾಯಂ ಆಸ್ಪತ್ರೆಯಲ್ಲಿಯೇ ನಡೆಯುತ್ತದೆಯೇ, ತಿಂಗಳ ನಂತರ ಕಣ್ಣು ನೋಡುವ ವೈದ್ಯರು ಯಾರು, ರಾತ್ರಿ ನೋವೆದ್ದರೆ ಯಾವ ನಂಬರಿಗೆ ಫೋನ್ ಮಾಡಬೇಕು ಎಂಬುದನ್ನು ಮೊದಲು ಬರೆಸಿಕೊಂಡು ಬನ್ನಿರೆಂದು ಹೇಳುತ್ತೇನೆ.