ಬೋರ್ಡಿಗೂ ಒಂದು ಟಿಕೆಟ್ಟು

ನನ್ನ ವಿಮಾನದ ಟಿಕೆಟ್ಟಿಗಿಂತ ಸರ್ಫ್‌ಬೋರ್ಡಿನ (ಕಡಲ ಅಲೆಯ ಮೇಲೆ ನಿಂತು ಜಾರುವ ಹಲಗೆ) ಶುಲ್ಕವೇ ಜಾಸ್ತಿಯಾಯಿತಲ್ಲ, ಆ ದಿನದಿಂದ ಅಗ್ಗದ ಟಿಕೆಟ್ ಕಂಡ ಕೂಡಲೇ ಬುಕ್ ಮಾಡುವುದನ್ನು ಬಿಟ್ಟಿದ್ದೇನೆ. ಮೊದಲು ಲಗೇಜಿನ ನಿಯಮ ಓದುತ್ತೇನೆ.

ಅವತ್ತು ಆಗಿದ್ದಿಷ್ಟು. ಒಂದೇ ಚೀಲದಲ್ಲಿ ಎರಡು ಬೋರ್ಡ್. ತೂಕ 19 ಕೆ.ಜಿ., ಮಿತಿ 23. ಆರಾಮಾಗಿ ನಿಂತಿದ್ದೆ. ಕೌಂಟರಿನವರು ಜಿಪ್ ತೆಗೆಯಿರಿ ಅಂದರು. ಟವೆಲ್ ಸರಿಸಿ, ಬೆರಳಿಟ್ಟು ಎಣಿಸಿದರು: ಒಂದು, ಎರಡು. ಅವರ ಲೆಕ್ಕ ಚೀಲಕ್ಕಲ್ಲ, ಬೋರ್ಡಿಗೆ! ಹಿಂದೆ ಸಾಲು ಬೆಳೆಯುತ್ತಿತ್ತು. ಸುಮ್ನೆ ಕಾರ್ಡ್ ಕೊಟ್ಟೆ.

ಒಂದೊಂದು ವಿಮಾನ ಕಂಪನಿಗೆ ಒಂದೊಂದು ಲೆಕ್ಕ. ಕ್ವಾಂಟಾಸ್ ಬೋರ್ಡನ್ನು ಮಾಮೂಲಿ ಲಗೇಜಿನ ಲೆಕ್ಕದಲ್ಲೇ ಸೇರಿಸಿಕೊಳ್ಳುತ್ತದೆ. ರಯಾನ್‌ಏರ್‌ನಲ್ಲಿ ಬೇರೆ ಶುಲ್ಕ, ಅದೂ ಹೋಗುವಾಗ ಒಂದು ಸಲ, ಬರುವಾಗ ಇನ್ನೊಂದು ಸಲ. ಆನ್‌ಲೈನಿನಲ್ಲಿ ಮೊದಲೇ ಕಟ್ಟಿದರೆ ಸ್ವಲ್ಪ ಉಳಿಯುತ್ತದೆ.

ಇನ್ನು ಉದ್ದದ ತಕರಾರು. ಮಾಮೂಲಿ ಲಗೇಜಿಗೆ ಸಾಮಾನ್ಯವಾಗಿ ಉದ್ದ, ಅಗಲ, ಎತ್ತರ ಮೂರೂ ಕೂಡಿಸಿ 158 ಸೆಂ.ಮೀ. ಮಿತಿ. 6 ಅಡಿ ಬೋರ್ಡಿನ ಉದ್ದವೇ 183. ಕ್ರೀಡಾ ಸಾಮಾನು ಅಂತ ವಿನಾಯಿತಿ ಕೊಡದ ಕಡೆ ಪಾಪ, ಅದು ಹುಟ್ಟಿನಿಂದಲೇ ತಪ್ಪಿತಸ್ಥ, ಅಲ್ವಾ? 9 ಅಡಿಯ ಲಾಂಗ್‌ಬೋರ್ಡ್ 274. ಸಣ್ಣ ವಿಮಾನಗಳಲ್ಲಿ ಅದನ್ನು ಹತ್ತಿಸಿಕೊಳ್ಳದಿರುವುದೂ ಉಂಟು.

ಈಗ ಬೋರ್ಡಿನ ಅಡಿಯ ರೆಕ್ಕೆ, ಅಂದರೆ ಫಿನ್ ಬಿಚ್ಚಿ ಕಾಲುಚೀಲದಲ್ಲಿ ಸುತ್ತಿ, ಬೋರ್ಡಿನ ಮೂಗಿಗೂ ಬಾಲಕ್ಕೂ ನೀರಿಗಿಳಿಯುವಾಗ ತೊಡುವ ವೆಟ್‌ಸೂಟ್ ಒತ್ತಿಟ್ಟು, ಒಂದೇ ಬೋರ್ಡ್ ಒಯ್ಯುತ್ತೇನೆ. ನಿಯಮದ ಪುಟದ ಸ್ಕ್ರೀನ್‌ಶಾಟ್ ಫೋನಿನಲ್ಲಿರುತ್ತದೆ. ವಾರಕ್ಕಿಂತ ಕಡಿಮೆ ಪ್ರವಾಸವಾದರೆ ಅಲ್ಲೇ ಬಾಡಿಗೆಗೆ. ಆ ಬಾಡಿಗೆ ಬೋರ್ಡಿನ ಮೇಲೆ ಕಾಲು ಜಾರದಿರಲೆಂದು ಯಾರೋ ಹಚ್ಚಿದ ಹಳೇ ಮೇಣ, ಮೇಣದಲ್ಲಿ ಕೂತ ಮರಳು. ಉಜ್ಜಿ ತೆಗೆಯೋದರಲ್ಲೇ ಮೊದಲ ಬೆಳಗ್ಗೆ ಮುಗಿಯುತ್ತದೆ.