ಬದನೆ ಬಳಗ ಎಲ್ಲಿತ್ತು, ಅಷ್ಟು ನೆನಪಿರಲಿ

ಕೈತೋಟದ ಪುಸ್ತಕ ಯಾವುದೇ ತೆಗೆಯಿರಿ, ಬೆಳೆ ಬದಲಾವಣೆಯ ಪುಟದಲ್ಲಿ ಒಂದು ದೊಡ್ಡ ಕೋಷ್ಟಕ ಇರುತ್ತದೆ. ನಾಲ್ಕು ಮಡಿ, ನಾಲ್ಕು ವರ್ಷ, ನಾಲ್ಕು ಗುಂಪು. ಯಾವುದು ಮುಗಿದ ಮೇಲೆ ಯಾವುದು ಅಂತ ಬಾಣದ ಗುರುತು. ನೋಡಿದವರಿಗೆ ತೋಟವೇ ಬೇಡ ಅನ್ನಿಸಬೇಕು, ಹಾಗಿರುತ್ತದೆ. ನಾನು ಹೇಳುವುದಿಷ್ಟು: ಮನೆ ಹಿತ್ತಲಿಗೆ ಅಷ್ಟೊಂದು ಲೆಕ್ಕ ಬೇಡ. ಬದನೆ, ಟೊಮೆಟೊ, ಮೆಣಸಿನಕಾಯಿ ಸೇರಿದ ಬದನೆ ಬಳಗದ ಮಟ್ಟಿಗೆ ಕಟ್ಟುನಿಟ್ಟಾಗಿರಿ. ಉಳಿದದ್ದನ್ನು ಜಾಗ ಖಾಲಿಯಾದ ಕಡೆ ಹಾಕಿಕೊಂಡು ಹೋಗಿ.

ನಮ್ಮದು ಮೈಸೂರಿನ ಹಳೇ ಬಡಾವಣೆಯ ಮನೆ. ಹಿಂದೆ ಕೆಮ್ಮಣ್ಣಿನ ಹಿತ್ತಲು, ಒಂದು ಚಪ್ಪರ, ಗೋಡೆಯ ಪಕ್ಕ ನುಗ್ಗೆ, ಕರಿಬೇವು, ತೊಂಡೆ ಬಳ್ಳಿ. ನಡುವೆ ಮಡಿಗಳು. ನುಗ್ಗೆ, ಕರಿಬೇವು, ತೊಂಡೆ ಎಲ್ಲಿಗೂ ಹೋಗುವುದಿಲ್ಲ, ಅವುಗಳ ಯೋಚನೆ ಬಿಡಿ. ತಿರುಗಬೇಕಾದದ್ದು ಮಡಿಯಲ್ಲಿರುವುದು ಮಾತ್ರ.

ನಮ್ಮತ್ತೆ ಅರಸೀಕೆರೆ ಕಡೆಯವರು. ರಾಗಿ ಹೊಲದಲ್ಲಿ ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳನ್ನು ಅಕ್ಕಡಿ ಸಾಲು ಹಾಕುವುದನ್ನು ನೋಡುತ್ತಾ ಬೆಳೆದವರು. ಬದನೆ ಕಿತ್ತ ಮಡಿಗೆ ಯಾರಾದರೂ ಟೊಮೆಟೊ ಸಸಿ ತಂದರೆ ಅವರ ಮಾತು ಒಂದೇ. "ಈಗ ತಾನೇ ಬದನೆ ಉಂಡಿರೋ ಮಣ್ಣು ಕಣಮ್ಮ. ಅಲ್ಲಿಗೆ ಅವರೆ ಹಾಕು ಬಿಡು." ಅವರಿಗೆ ಕೋಷ್ಟಕ ಗೊತ್ತಿಲ್ಲ, ಆದರೆ ಅದರ ಸಾರ ಪೂರ್ತಿ ಗೊತ್ತು.

ಬದನೆ, ಟೊಮೆಟೊ, ಮೆಣಸಿನಕಾಯಿ, ದಪ್ಪಮೆಣಸು, ಆಲೂಗಡ್ಡೆ ಎಲ್ಲಾ ಒಂದೇ ಬಳಗ. ಇವುಗಳ ದೊಡ್ಡ ಶತ್ರು ಸೊರಗು ರೋಗ. ಅದನ್ನು ತರುವ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಬೇರಿನ ಗಾಯದಿಂದ ಒಳಗೆ ಹೋಗುತ್ತದೆ. ಗಿಡ ತುಂಬಾ ಚೆನ್ನಾಗಿರುತ್ತದೆ, ಹೂವೂ ಬಿಟ್ಟಿರುತ್ತದೆ. ಒಂದು ಮಧ್ಯಾಹ್ನ ತುದಿ ಬಾಡುತ್ತದೆ, ಸಂಜೆ ಎದ್ದು ನಿಲ್ಲುತ್ತದೆ. ಆಮೇಲೆ ಕೆಲವೇ ದಿನದಲ್ಲಿ ಎಲೆ ಹಸಿರಾಗಿದ್ದಂತೆಯೇ ಇಡೀ ಗಿಡ ಜೋತು ಬೀಳುತ್ತದೆ. ನೀರು ಕಮ್ಮಿಯಾಯಿತೇನೋ ಅಂತ ಕೊಡಪಾನ ಹಿಡಿದು ಓಡಬೇಡಿ.

ಆಗ ಮಾಡಬೇಕಾದ ಪರೀಕ್ಷೆ ಸುಲಭ. ಆ ಗಿಡದ ಬುಡದಿಂದ ನಾಲ್ಕು ಬೆರಳು ಉದ್ದದ ಕಾಂಡ ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿ ನೀರು ತಗೊಳ್ಳಿ. ಕತ್ತರಿಸಿದ ತುದಿ ನೀರಿಗೆ ತಾಗುವ ಹಾಗೆ ಕಾಂಡವನ್ನು ಹಿಡಿಯಿರಿ, ಅಲುಗಾಡಿಸಬೇಡಿ. ಸೊರಗು ರೋಗವಾಗಿದ್ದರೆ ಕೆಲವೇ ನಿಮಿಷದಲ್ಲಿ ಕಾಂಡದಿಂದ ಬಿಳಿ ಎಳೆ ಇಳಿಯಲು ಶುರುವಾಗುತ್ತದೆ, ಊದಿನಕಡ್ಡಿಯ ಹೊಗೆಯನ್ನು ತಲೆಕೆಳಗು ಮಾಡಿದ ಹಾಗೆ. ಸ್ವಲ್ಪ ಹೊತ್ತಿಗೆ ನೀರು ಮಸುಕಾಗುತ್ತದೆ. ಆ ಎಳೆ ಅಂದರೆ ಬ್ಯಾಕ್ಟೀರಿಯಾವೇ. ಇದನ್ನು ಕಣ್ಣಾರೆ ಕಂಡವರು ಆ ಮಡಿಗೆ ಮತ್ತೆ ಟೊಮೆಟೊ ಇಡುವ ಮಾತೇ ಆಡುವುದಿಲ್ಲ.

ಅಂಥ ಮಡಿಗೆ ಕನಿಷ್ಠ ಮೂರು ವರ್ಷ ಬದನೆ ಬಳಗ ಬೇಡ. ಶುಂಠಿಯೂ ಬೇಡ, ಅದಕ್ಕೂ ಇದೇ ಜಾತಿಯ ರೋಗ ಬರುತ್ತದೆ. ನಮ್ಮ ಕಡೆ ಶುಂಠಿ ಬೆಳೆಯುವವರು ಒಂದು ಬೆಳೆ ಆದ ಮೇಲೆ ಬೇರೆ ಜಮೀನನ್ನು ಗುತ್ತಿಗೆಗೆ ಹುಡುಕುವುದು ಸುಮ್ನೆ ಅಲ್ಲ. ಮುಸುಕಿನ ಜೋಳ, ಈರುಳ್ಳಿ, ದಂಟು, ಅವರೆ, ಇವನ್ನು ಯಾವ ಹೆದರಿಕೆಯೂ ಇಲ್ಲದೆ ಹಾಕಬಹುದು. ಟೊಮೆಟೊ ಬೇಕೇ ಬೇಕು, ಬೇರೆ ಜಾಗ ಇಲ್ಲ ಅನ್ನುವವರು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ನೋಡಿ. ಸೊರಗು ರೋಗವನ್ನೂ ಎಲೆ ಮುದುಡುವ ನಂಜನ್ನೂ (ವೈರಸ್) ತಡೆದುಕೊಳ್ಳುವ ಹೈಬ್ರಿಡ್ ಅದು. ಇಲ್ಲವೇ ಹೊಸ ಮಣ್ಣು ತುಂಬಿದ ದೊಡ್ಡ ಕುಂಡದಲ್ಲಿ ಬೆಳೆಯಿರಿ.

ಇನ್ನೊಂದು ಮಾತನ್ನು ಪುಸ್ತಕಗಳು ಗಟ್ಟಿಯಾಗಿ ಹೇಳುವುದಿಲ್ಲ. ಜಾಗ ಬದಲಿಸಿದರೆ ಎಲ್ಲಾ ರೋಗ ಹೋಗುವುದಿಲ್ಲ. ಟೊಮೆಟೊ ಎಲೆ ಮುದುಡುವುದು, ಬೆಂಡೆ ಎಲೆಯ ನರ ಹಳದಿಯಾಗುವುದು, ಇವೆರಡೂ ಬಿಳಿನೊಣ ಹೊತ್ತು ತರುವ ನಂಜು. ಬಿಳಿನೊಣಕ್ಕೆ ಆರಡಿ ಆಚೆಯ ಮಡಿ ಏನು ದೂರ? ಹಾಗಾಗಿ ಬೆಂಡೆಯನ್ನು ಈ ಮೂಲೆಯಿಂದ ಆ ಮೂಲೆಗೆ ಒಯ್ದು ಹಳದಿ ರೋಗ ತಪ್ಪಿತು ಅಂದುಕೊಳ್ಳುವುದರಲ್ಲಿ ಅರ್ಥವಿಲ್ಲ. ಸರದಿ ಕೆಲಸಕ್ಕೆ ಬರುವುದು ಮಣ್ಣಲ್ಲೇ ಕೂತಿರುವ ರೋಗಕ್ಕೆ ಮತ್ತು ಮಣ್ಣಿನ ಸತ್ವಕ್ಕೆ. ಇದು ತಿಳಿದರೆ ಅರ್ಧ ತಲೆನೋವು ಕಮ್ಮಿ.

ಬೆಂಡೆಗೆ ಬೇರೆ ಒಂದು ಕಾಟ ಮಣ್ಣಲ್ಲಿದೆ, ಬೇರುಗಂಟು ಜಂತು. ಅದು ಬದನೆ, ಟೊಮೆಟೊ, ಸೌತೆ, ಹಾಗಲ ಯಾವುದನ್ನೂ ಬಿಡುವುದಿಲ್ಲ. ಬೆಳೆ ಮುಗಿದಾಗ ಒಂದು ಗಿಡವನ್ನು ಬೇರು ಸಮೇತ ಅಗೆದು ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಬೇರೇ ಅಲ್ಲಲ್ಲಿ ಊದಿಕೊಂಡು ಮಣಿ ಪೋಣಿಸಿದಂತಿದ್ದರೆ ಅದು ಜಂತು. ಆ ಮಡಿಗೆ ಮುಂದಿನ ಸಲ ಪೂರ್ತಿ ಚೆಂಡು ಹೂ ಹಾಕಿ. ಮೂಲೆಯಲ್ಲಿ ಎರಡು ಗಿಡ ಇಟ್ಟರೆ ಅಂದಕ್ಕಾಯಿತು ಅಷ್ಟೆ, ಇಡೀ ಮಡಿ ತುಂಬಿರಬೇಕು. ಮಳೆ ಶುರುವಾದಾಗ ಸಸಿ ಇಟ್ಟರೆ ಆಯುಧಪೂಜೆಗೆ ಹೂವೂ ಸಿಗುತ್ತದೆ.

ಆದರೆ ಅವರೆ, ಅಲಸಂದೆ, ಬೀನ್ಸ್ ಬೇರಿನಲ್ಲಿ ಗಂಟು ಕಂಡರೆ ಗಾಬರಿಯಾಗಬೇಡಿ. ಆ ಗಂಟು ಬೇರಿಗೆ ಅಂಟಿಕೊಂಡ ಹಾಗಿರುತ್ತದೆ, ಬೆರಳಲ್ಲಿ ಉಜ್ಜಿದರೆ ಉದುರುತ್ತದೆ. ಒಂದನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಬಣ್ಣ ಇದ್ದರೆ ಗಾಳಿಯ ಸಾರಜನಕವನ್ನು ಹಿಡಿಯುವ ಕೆಲಸ ನಡೆಯುತ್ತಿದೆ ಅಂತ ಲೆಕ್ಕ. ನನಗೆ ಆ ಗುಲಾಬಿ ಬಣ್ಣ ನೋಡುವುದೆಂದರೆ ಈಗಲೂ ಖುಷಿ. ಒಂದು ಎಚ್ಚರಿಕೆ ಇದೆ. ಆ ಸತ್ವದ ಬಹುಪಾಲು ಗಿಡದ ಮೈಯಲ್ಲಿ, ಕಾಳಿನಲ್ಲಿ ಸೇರಿಕೊಂಡಿರುತ್ತದೆ. ಕಾಯಿ ಬಿಡಿಸಿಕೊಂಡು ಗಿಡವನ್ನು ಕಸದ ಗಾಡಿಗೆ ಹಾಕಿದರೆ ಮಣ್ಣಿಗೆ ಉಳಿಯುವುದು ಅಲ್ಪ. ಬುಡದಲ್ಲಿ ಕತ್ತರಿಸಿ, ಬೇರು ಮಣ್ಣಲ್ಲೇ ಬಿಡಿ, ಸೊಪ್ಪನ್ನೆಲ್ಲಾ ಅದೇ ಮಡಿಯ ಮೇಲೆ ಹರಡಿ.

ಚಪ್ಪರದ ವಿಷಯಕ್ಕೆ ಬರೋಣ. ಕಲ್ಲುಕಂಬದ ಚಪ್ಪರವನ್ನು ವರ್ಷವರ್ಷ ಕಿತ್ತು ನೆಡುವವರು ಯಾರು? ಚಪ್ಪರ ಅಲ್ಲೇ ಇರಲಿ, ಬಳ್ಳಿ ಬದಲಿಸಿ. ಒಂದು ಸಲ ಹೀರೆ ಅಥವಾ ಹಾಗಲ, ಅದು ಮುಗಿದ ಮೇಲೆ ಚಪ್ಪರದವರೆ. ಹಾಗಲಕಾಯಿಗೆ ಚುಚ್ಚುವ ಹಣ್ಣುನೊಣದ ಹುಳು ಬುಡದ ಮಣ್ಣಿಗಿಳಿದು ಕೋಶವಾಗುತ್ತದೆ. ನಡುವೆ ಅವರೆ ಬಂದರೆ ಅದರ ಸರಪಳಿ ಸ್ವಲ್ಪ ಮುರಿಯುತ್ತದೆ. ಪೂರ್ತಿ ಅಲ್ಲ, ನೊಣ ಪಕ್ಕದ ಮನೆಯಿಂದಲೂ ಬರುತ್ತದಲ್ವಾ? ಅದಕ್ಕೇ ಹುಳ ಬಿದ್ದ ಕಾಯಿಯನ್ನು ಕೆಳಗೆ ಕೊಳೆಯಲು ಬಿಡದೆ ಆರಿಸಿ ತೆಗೆಯಬೇಕು.

ಸೊಪ್ಪುಗಳಿಗೆ ನಿಯಮವೇ ಇಲ್ಲ. ಮೆಂತ್ಯ, ದಂಟು, ಸಬ್ಬಸಿಗೆ, ಕೊತ್ತಂಬರಿ ಎಲ್ಲಿ ಒಂದು ಗೇಣು ಜಾಗ ಸಿಕ್ಕರೂ ಚೆಲ್ಲುತ್ತೇನೆ.

ನಾಲ್ಕು ವರ್ಷದ ಕೋಷ್ಟಕ ಹುಟ್ಟಿದ್ದು ಚಳಿ ದೇಶಗಳಲ್ಲಿ. ಅಲ್ಲಿ ಹಿಮ ಬಿದ್ದರೆ ಆ ವರ್ಷದ ತೋಟ ಮುಗಿಯಿತು. ನಮಗೆ ಮುಂಗಾರು, ಹಿಂಗಾರು, ನೀರಿದ್ದರೆ ಬೇಸಿಗೆಯೂ ಇದೆ. ಹಾಗಾಗಿ ಮಣ್ಣಿನ ಸತ್ವದ ಸರದಿ ನಮ್ಮಲ್ಲಿ ಬೇಗ ಸುತ್ತುತ್ತದೆ. ಮಳೆಗಾಲದಲ್ಲಿ ಬದನೆ, ಅದಾದ ಮೇಲೆ ಅಲಸಂದೆ, ಬೇಸಿಗೆಗೆ ದಂಟು, ವರ್ಷದೊಳಗೇ ಮೂರು ಬದಲಾವಣೆ ಆಯಿತು. ರೋಗದ ಲೆಕ್ಕ ಮಾತ್ರ ವರ್ಷದಲ್ಲೇ ಹಿಡಿಯಬೇಕು, ಬೆಳೆಯಲ್ಲಲ್ಲ. ಎರಡು ಬೆಳೆ ಮಧ್ಯೆ ಬಂತು ಅಂದ ಮಾತ್ರಕ್ಕೆ ಸೊರಗು ರೋಗ ಮಣ್ಣು ಬಿಟ್ಟು ಹೋಗುವುದಿಲ್ಲ.

ನೆನಪಿಟ್ಟುಕೊಳ್ಳುವುದು ಹೇಗೆ ಅಂತ ಕೇಳುವವರಿಗೆ: ನಾನು ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರ್‌ನಲ್ಲಿ ಬರೆಯುತ್ತೇನೆ. ಸಸಿ ಇಟ್ಟ ತಾರೀಖಿನ ಮನೆಯಲ್ಲಿ "ನುಗ್ಗೆ ಪಕ್ಕ, ಬದನೆ" ಅಂತ ಎರಡು ಮಾತು. ಬದನೆ ಬಳಗ ಬಿಟ್ಟು ಬೇರೆ ಯಾವುದನ್ನೂ ಬರೆಯುವುದಿಲ್ಲ. ಹಳೇ ಕ್ಯಾಲೆಂಡರ್‌ಗಳನ್ನು ಎಸೆಯದೆ ಅದೇ ಮೊಳೆಗೆ ಹಿಂದೆ ಸಿಕ್ಕಿಸಿದರೆ ಮೂರು ವರ್ಷದ ಲೆಕ್ಕ ಒಂದೇ ಕಡೆ ಸಿಗುತ್ತದೆ. ಗೊಬ್ಬರದ ಜೊತೆ ಬಂದ ಟೊಮೆಟೊ ಬೀಜ ಎಲ್ಲೋ ತಾನಾಗಿ ಮೊಳೆತರೂ ಮೊದಲು ಕ್ಯಾಲೆಂಡರ್ ತಿರುವುತ್ತೇನೆ. ಜಾಗ ಹೊಸದಾಗಿದ್ದರೆ ಅಲ್ಲೇ ಬೆಳೆಯಲಿ, ಬದನೆ ಇದ್ದ ಜಾಗವಾದರೆ ಎಳೆಯದಾಗಿರುವಾಗಲೇ ಕಿತ್ತು ಬಿಡುತ್ತೇನೆ.